ದಕ್ಕೆಗೆ ಹೊಸ ಟರ್ಮಿನಲ್ ಬರಲಿ, ಕಡವಿನ ಜನರನ್ನು ಮರೆಯದಿರಲಿ

ಮಂಗಳೂರಿನ ಹಳೆ ಬಂದರಿನ ಸುತ್ತ ಈಗ ಎರಡು ದೊಡ್ಡ ಯೋಜನೆಗಳ ಮಾತು ಕೇಳಿ ಬರುತ್ತಿದೆ. ಒಂದು, ಲಕ್ಷದ್ವೀಪದ ಹಡಗುಗಳಿಗೆಂದೇ ಪ್ರತ್ಯೇಕ ಜೆಟ್ಟಿ. ಕೇಂದ್ರದ ಸಾಗರಮಾಲಾ ಯೋಜನೆಯಡಿ ಇದಕ್ಕೆ 65 ಕೋಟಿ ರೂಪಾಯಿಯ ಅಂದಾಜು ಹಾಕಲಾಗಿದೆ. ಇನ್ನೊಂದು, ಕೊಚ್ಚಿಯ ಮಾದರಿಯ ವಾಟರ್ ಮೆಟ್ರೋ. 2024ರ ಫೆಬ್ರವರಿಯಲ್ಲಿ ಮಂಡನೆಯಾದ ರಾಜ್ಯ ಬಜೆಟ್‌ನಲ್ಲಿ ಇದನ್ನು ಪ್ರಕಟಿಸಲಾಯಿತು. ಬಜಾಲ್‌ನಿಂದ ಮರವೂರಿನವರೆಗೆ ನೇತ್ರಾವತಿ ಮತ್ತು ಫಲ್ಗುಣಿ ಹೊಳೆಗಳಲ್ಲಿ ಸುಮಾರು 30 ಕಿ.ಮೀ. ದಾರಿ, ಮೊದಲ ಹಂತದಲ್ಲಿ 17 ನಿಲ್ದಾಣಗಳು ಎಂಬುದು ಪ್ರಸ್ತಾವ.

ಇದು ಬರೀ ಸರಕಾರದ ಕಾಗದದ ವಿಷಯ ಎಂದು ಸುಮ್ಮನಿರುವ ಹಾಗಿಲ್ಲ. ಈ ದಾರಿಯ ನಕ್ಷೆಯ ಮೇಲೆ ಬೆರಳಿಟ್ಟು ನೋಡಿ. ಬಂದರ್, ಕುದ್ರೋಳಿ, ಕಸಬಾ ಬೆಂಗ್ರೆ, ತಣ್ಣೀರುಬಾವಿ, ಕೂಳೂರು, ಆಚೆ ಉಳ್ಳಾಲ, ಕೋಟೆಪುರ. ನಮ್ಮ ಎಷ್ಟು ಜಮಾಅತ್‌ಗಳು ಈ ಎರಡು ಹೊಳೆಗಳ ದಡದಲ್ಲಿವೆ! ಬ್ಯಾರಿಗಳ ಬದುಕು ಶುರುವಾದದ್ದೇ ನೀರಿನ ಬದಿಯಲ್ಲಿ. ವ್ಯಾಪಾರ ಬಂದದ್ದು ಹಡಗಿನಲ್ಲಿ, ದೀನ್ ಬಂದದ್ದೂ ಹಡಗಿನಲ್ಲಿ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿ ದಕ್ಕೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವುದು ಸುಮ್ಮನೆ ಅಲ್ಲ. ಹಾಗಾಗಿ ದಕ್ಕೆ ಹೊಸದಾಗುವಾಗ ಅದು ಹೇಗೆ ಹೊಸದಾಗಬೇಕು, ಯಾರಿಗಾಗಿ ಹೊಸದಾಗಬೇಕು ಎಂದು ಕೇಳುವ ಹಕ್ಕು ನಮಗಿದೆ.

ದ್ವೀಪ ನಮ್ಮ ಜಿಲ್ಲೆಯಲ್ಲಿದ್ದ ಕಾಲ

ಇಂದಿನ ಮಕ್ಕಳಿಗೆ ಲಕ್ಷದ್ವೀಪ ಎಂದರೆ ಕೇರಳದ ಕಡೆಯ ಯಾವುದೋ ಪ್ರವಾಸಿ ಜಾಗ. ಆದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಉತ್ತರದ ದ್ವೀಪಗಳು, ಅಂದರೆ ಅಮಿನ್‌ದಿವಿ ದ್ವೀಪಗಳು, 1956ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು.

ಅದಕ್ಕೂ ಹಿಂದೆ ಈ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ಅಲ್ಲಿನ ಆಡಳಿತದಿಂದ ಬೇಸತ್ತ ಅಮಿನಿಯ ಜನ ಟಿಪ್ಪು ಸುಲ್ತಾನರ ಮೊರೆ ಹೋದರು, ದ್ವೀಪಗಳು ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರಲ್ಲಿ ಟಿಪ್ಪು ಶಹೀದರಾದ ಮೇಲೆ ಬ್ರಿಟಿಷರು ಅವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಮಂಗಳೂರಿನ ಕಲೆಕ್ಟರೇ ದ್ವೀಪದವರಿಗೂ ಕಲೆಕ್ಟರ್. ದ್ವೀಪದವರು ಹುರಿಹಗ್ಗಕ್ಕೆ ಬೇಕಾದ ತೆಂಗಿನ ನಾರನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ತರಬೇಕು, ಸರಕಾರ ಅದನ್ನು ತೆಗೆದುಕೊಂಡು ಬದಲಿಗೆ ಅಕ್ಕಿ ಕೊಡಬೇಕು. ಇದು ವರ್ಷಾನುವರ್ಷ ನಡೆದ ವ್ಯವಸ್ಥೆ. ನಾರಿನ ವ್ಯಾಪಾರ ಸರಕಾರದ ಕೈಯಲ್ಲೇ ಇದ್ದ ಕಾರಣ ದ್ವೀಪದವರಿಗೆ ಬೇರೆ ಕಡೆ ಮಾರುವ ಸ್ವಾತಂತ್ರ್ಯ ಇರಲಿಲ್ಲ ಎಂಬುದೂ ನಿಜ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಲಕ್ಕದೀವ್, ಮಿನಿಕಾಯ್, ಅಮಿನ್‌ದಿವಿ ಮೂರನ್ನೂ ಸೇರಿಸಿ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ಕಚೇರಿ ಮೊದಲು ಕೋಝಿಕ್ಕೋಡಿನಲ್ಲಿ, 1964ರ ನಂತರ ಕವರತ್ತಿಯಲ್ಲಿ. ಪ್ರಯಾಣಿಕರ ಹಡಗುಗಳು ಕೊಚ್ಚಿಗೆ ಹೋದವು. ಮಂಗಳೂರಿಗೆ ಉಳಿದದ್ದು ಮುಖ್ಯವಾಗಿ ಮಂಜಿಗಳ ಸರಕು ವ್ಯಾಪಾರ. ಅಕ್ಕಿ, ತರಕಾರಿ, ದಿನಸಿ, ಸಿಮೆಂಟು, ಜಲ್ಲಿ, ಇಟ್ಟಿಗೆ, ಆಡು. ದ್ವೀಪದಲ್ಲಿ ಒಂದು ಮನೆ ಕಟ್ಟಬೇಕಾದರೆ ಮರಳಿನಿಂದ ಹಿಡಿದು ಬಾಗಿಲಿನ ತನಕ ದಡದಿಂದಲೇ ಹೋಗಬೇಕು. ಅಲ್ಲಿಂದ ಬರುವುದು ಕೊಬ್ಬರಿ, ತೆಂಗಿನಕಾಯಿ, ಒಣ ಮೀನು.

ದೂರದ ಲೆಕ್ಕ ಮಾಡಿ ನೋಡಿ

2011ರ ಜನಗಣತಿಯ ಪ್ರಕಾರ ಲಕ್ಷದ್ವೀಪದ ಜನಸಂಖ್ಯೆ 64,473. ಅದರಲ್ಲಿ ಶೇ. 96ಕ್ಕಿಂತ ಹೆಚ್ಚು ಮುಸ್ಲಿಮರು. ದೊಡ್ಡ ಆಸ್ಪತ್ರೆ ಬೇಕಾದರೂ, ದೊಡ್ಡ ಕಾಲೇಜು ಬೇಕಾದರೂ ಅವರು ದಡಕ್ಕೆ ಬರಬೇಕು.

ನಕ್ಷೆಯಲ್ಲಿ ನೇರವಾಗಿ ಅಳೆದರೆ ಕೊಚ್ಚಿಯಿಂದ ಚೆತ್ಲತ್‌ಗೆ ಸುಮಾರು 430 ಕಿ.ಮೀ. ಮಂಗಳೂರಿನಿಂದ ಅದೇ ಚೆತ್ಲತ್‌ಗೆ ಸುಮಾರು 265 ಕಿ.ಮೀ. ಕಿಲ್ತಾನ್‌ಗೆ ಕೊಚ್ಚಿಯಿಂದ ಸುಮಾರು 395, ಮಂಗಳೂರಿನಿಂದ 250. ಅಮಿನಿಗೆ ಕೊಚ್ಚಿಯಿಂದ 400ರ ಮೇಲೆ, ಇಲ್ಲಿಂದ 300ರ ಒಳಗೆ. ಮಿನಿಕಾಯ್‌ನಂಥ ದಕ್ಷಿಣದ ದ್ವೀಪಕ್ಕೆ ಕೊಚ್ಚಿಯೇ ಹತ್ತಿರ, ಒಪ್ಪುವ. ಆದರೆ ಉತ್ತರದ ದ್ವೀಪಗಳ ಜನ ಮಂಗಳೂರನ್ನು ಬಿಟ್ಟು ಕೊಚ್ಚಿಗೆ ಹೋಗುವುದು ಹತ್ತಿರ ಎಂದು ಅಲ್ಲ, ಹಡಗು ಅಲ್ಲಿಗೆ ಮಾತ್ರ ಸರಿಯಾಗಿ ಹೋಗುತ್ತದೆ ಎಂದು.

ಕೊಚ್ಚಿಯಿಂದ ದ್ವೀಪಗಳಿಗೆ ಸಾಮಾನ್ಯ ಹಡಗಿನಲ್ಲಿ 14ರಿಂದ 18 ತಾಸು ಬೇಕು. 2024ರ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ದ್ವೀಪದ ಪ್ರಯಾಣಿಕರನ್ನು ಹೊತ್ತು ಮಂಗಳೂರಿನ ಹಳೆ ಬಂದರಿಗೆ ಬಂದಾಗ ತೆಗೆದುಕೊಂಡದ್ದು ಸುಮಾರು ಏಳು ತಾಸು. ರಾತ್ರಿಯೆಲ್ಲಾ ಸಮುದ್ರದ ಮೇಲೆ ಕಳೆಯುವ ಬಾಣಂತಿಗೆ, ಡಯಾಲಿಸಿಸ್‌ಗೆ ಬರುವ ರೋಗಿಗೆ ಈ ಏಳು ತಾಸಿನ ಉಳಿತಾಯ ಸಣ್ಣದಲ್ಲ.

ಜೆಟ್ಟಿ ಎಂದರೆ ಬರೀ ಕಾಂಕ್ರೀಟ್ ಅಲ್ಲ

ಹಾಗಿದ್ದರೆ ಹಡಗು ಯಾಕೆ ಸರಿಯಾಗಿ ಬರುವುದಿಲ್ಲ? ಎರಡು ಕಾರಣ ಯಾರ ಕಣ್ಣಿಗೂ ಬೀಳುತ್ತವೆ. ಮೊದಲನೆಯದು ಹೂಳು. ನೇತ್ರಾವತಿ, ಫಲ್ಗುಣಿ ಎರಡೂ ಘಟ್ಟದ ಮಣ್ಣು ಮರಳನ್ನು ತಂದು ಅಳಿವೆ ಬಾಗಿಲಿನಲ್ಲಿ ಸುರಿಯುತ್ತವೆ. ಪ್ರತೀ ಮಳೆಗಾಲ ಕಳೆದ ಮೇಲೆ ಆಳ ಕಡಿಮೆಯಾಗುತ್ತದೆ. ಒಮ್ಮೆ ಹೂಳೆತ್ತಿ ಕೈ ತೊಳೆದುಕೊಂಡರೆ ಆಗುವುದಿಲ್ಲ, ಅದು ವರ್ಷ ವರ್ಷದ ಕೆಲಸ. ಜೆಟ್ಟಿಗೆ ಕೋಟಿ ಕೋಟಿ ಖರ್ಚು ಮಾಡಿ ಅಳಿವೆಯಲ್ಲಿ ಆಳ ಇಲ್ಲದಿದ್ದರೆ, ಚಂದದ ಮನೆ ಕಟ್ಟಿ ದಾರಿ ಬಿಡದ ಹಾಗಾಗುತ್ತದೆ.

ಎರಡನೆಯದು ಜಾಗದ ಇಕ್ಕಟ್ಟು. ಹಳೆ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳು, ಸರಕಿನ ಮಂಜಿಗಳು, ಬೆಂಗ್ರೆಯ ಫೆರಿ ಎಲ್ಲವೂ ಒಂದೇ ನೀರನ್ನು ಹಂಚಿಕೊಳ್ಳಬೇಕು. ದ್ವೀಪದ ಪ್ರಯಾಣಿಕರಿಗೆ ಪ್ರತ್ಯೇಕ ಜೆಟ್ಟಿ ಬೇಕು ಎಂಬ ಬೇಡಿಕೆ ಬಂದದ್ದೇ ಇದರಿಂದ.

ಜೆಟ್ಟಿ ಕಟ್ಟಿದರೆ ಸಾಲದು, ಅದರ ಹಿಂದೆ ಒಂದು ಟರ್ಮಿನಲ್ ಬೇಕು. ಟಿಕೆಟ್ ಕೌಂಟರ್, ಗುರುತಿನ ಚೀಟಿ ನೋಡುವ ಜಾಗ, ಹೆಂಗಸರಿಗೆ ಮರ್ಯಾದೆಯಿಂದ ಕುಳಿತುಕೊಳ್ಳುವ ಕೋಣೆ, ಶುಚಿಯಾದ ಶೌಚಾಲಯ, ವುಝೂ ಮಾಡಲು ನೀರು, ನಮಾಝಿಗೆ ಜಾಗ. ಹಡಗು ಬೆಳಗ್ಗಿನ ಜಾವ ಬಂದರೂ ಆಂಬ್ಯುಲೆನ್ಸ್ ಜೆಟ್ಟಿಯ ತುದಿಯ ತನಕ ಬರುವಷ್ಟು ಅಗಲದ ರಸ್ತೆ. ಇದೆಲ್ಲ ಇದ್ದರೆ ಮಾತ್ರ ದ್ವೀಪದ ಒಂದು ಕುಟುಂಬ ಮಂಗಳೂರಿನ ಟಿಕೆಟ್ ಕೇಳುತ್ತದೆ. ಅವರು ಬಂದರೆ ಬಂದರಿನ ಸಗಟು ಅಂಗಡಿಗೆ, ಲಾಡ್ಜಿಗೆ, ಹೊಟೇಲಿಗೆ, ಆಟೋದವರಿಗೆ ಎಲ್ಲರಿಗೂ ಬರ್ಕತ್.

ಬೆಂಗ್ರೆಯವರ ದಿನನಿತ್ಯದ ದಾಟು

ದ್ವೀಪದ ಹಡಗು ದೂರದ ಮಾತು. ಹತ್ತಿರದ ಮಾತು ಬೆಂಗ್ರೆಯದ್ದು. ಫಲ್ಗುಣಿಗೂ ಅರಬಿ ಸಮುದ್ರಕ್ಕೂ ನಡುವೆ ಚಾಚಿದ ಮರಳಿನ ಪಟ್ಟಿ ಅದು. ಕಸಬಾ ಬೆಂಗ್ರೆಯಲ್ಲಿ ಬ್ಯಾರಿಗಳು, ತೋಟ ಬೆಂಗ್ರೆಯಲ್ಲಿ ಮೊಗವೀರರು ಹೆಚ್ಚು. ದಕ್ಕೆಯಲ್ಲಿ ನಿಂತರೆ ಎದುರಿಗೇ ಕಾಣುವ ಊರು. ಹೊಳೆ ದಾಟಿದರೆ ಕೆಲವೇ ನಿಮಿಷ. ರಸ್ತೆಯಲ್ಲಿ ಬರಬೇಕಾದರೆ ತಣ್ಣೀರುಬಾವಿ, ಪಣಂಬೂರು, ಕೂಳೂರು ಸುತ್ತಿ ಹತ್ತು ಹದಿನೈದು ಕಿ.ಮೀ. ಆಗುತ್ತದೆ.

ಶಾಲೆಗೆ ಹೋಗುವ ಮಕ್ಕಳು, ಮೀನು ಕೆಲಸಕ್ಕೆ ಬರುವ ಹೆಂಗಸರು, ಬಂದರಿನ ಅಂಗಡಿಯಲ್ಲಿ ದುಡಿಯುವ ಹುಡುಗರು, ಆಸ್ಪತ್ರೆಗೆ ಬರುವ ಉಮ್ಮಂದಿರು ಎಲ್ಲರೂ ಫೆರಿಯನ್ನೇ ನಂಬಿದವರು. ಊರಿನವರೇ ಸೇರಿ ಕಡಿಮೆ ದರದಲ್ಲಿ ಬೋಟು ಓಡಿಸಿಕೊಂಡು ಬಂದದ್ದು ಮೆಚ್ಚಬೇಕಾದ ಸಂಗತಿ. ಸರಕಾರ ಮಾಡಬೇಕಾದ ಕೆಲಸವನ್ನು ಅವರು ಸದ್ದಿಲ್ಲದೆ ಮಾಡಿದ್ದಾರೆ.

ಆದರೆ ದಾಟುವ ಜಾಗ ನೋಡಿ. ಭರತದ ಹೊತ್ತಿಗೆ ಬೋಟಿನ ಅಂಚು ದಕ್ಕೆಗೆ ಸಮ. ಇಳಿತದ ಹೊತ್ತಿಗೆ ಅದೇ ಬೋಟು ಮೆಟ್ಟಿಲಿನ ಕೆಳಗೆ. ಪಾಚಿ ಹಿಡಿದ ಮೆಟ್ಟಿಲು, ಅಲುಗಾಡುವ ಬೋಟು, ಕೈಯಲ್ಲಿ ಮಗು, ಮೈಮೇಲೆ ಬುರ್ಖಾ. ಮಂಡಿನೋವಿನ ವೆಲ್ಲಿಮ್ಮ ಒಬ್ಬರು ಇಳಿಯಬೇಕಾದರೆ ಇಬ್ಬರು ಕೈ ಹಿಡಿಯಬೇಕು. ವೀಲ್‌ಚೇರ್‌ನವರ ಕಥೆ ಕೇಳುವುದೇ ಬೇಡ. ಟರ್ಮಿನಲ್ ಎಂಬ ಪದ ದೊಡ್ಡದು. ಬೆಂಗ್ರೆಯವರಿಗೆ ಅದರ ಅರ್ಥ ಇಷ್ಟೇ, ಯಾರ ಕೈಯನ್ನೂ ಹಿಡಿಯದೆ ಬೋಟು ಹತ್ತುವಂತಾಗಬೇಕು.

ಕೊಚ್ಚಿ ತೋರಿಸಿದ ದಾರಿ

ಈ ಸಮಸ್ಯೆಗೆ ಕೊಚ್ಚಿ ಒಂದು ಉತ್ತರ ಕಂಡುಕೊಂಡಿದೆ. 2023ರ ಏಪ್ರಿಲ್ 25ರಂದು ಅಲ್ಲಿನ ವಾಟರ್ ಮೆಟ್ರೋ ಉದ್ಘಾಟನೆಯಾಯಿತು. ಯೋಜನೆಯ ಅಂದಾಜು 1,136.83 ಕೋಟಿ ರೂಪಾಯಿ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲವೂ ಇದರಲ್ಲಿದೆ. ಪೂರ್ತಿಯಾದರೆ 10 ದ್ವೀಪಗಳು, 38 ಟರ್ಮಿನಲ್‌ಗಳು, 78 ಬೋಟುಗಳು. ಬ್ಯಾಟರಿಯಲ್ಲಿ ಓಡುವ ಬೋಟುಗಳನ್ನು ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿಕೊಟ್ಟಿದೆ. ದೊಡ್ಡ ಬೋಟಿನಲ್ಲಿ 100 ಜನ ಪ್ರಯಾಣಿಸಬಹುದು.

ಬೋಟಿಗಿಂತ ಹೆಚ್ಚು ಗಮನಿಸಬೇಕಾದದ್ದು ಅಲ್ಲಿನ ಟರ್ಮಿನಲ್‌ಗಳನ್ನು. ಅಲ್ಲಿ ಬೋಟು ಬಂದು ನಿಲ್ಲುವುದು ಸ್ಥಿರವಾದ ಕಟ್ಟೆಗೆ ಅಲ್ಲ, ನೀರಿನ ಮೇಲೆ ತೇಲುವ ಪೊಂಟೂನ್‌ಗೆ. ನೀರು ಏರಿದರೆ ಪೊಂಟೂನ್ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಹಾಗಾಗಿ ಬೋಟಿನ ಬಾಗಿಲೂ ಪೊಂಟೂನ್‌ನ ನೆಲವೂ ಯಾವಾಗಲೂ ಒಂದೇ ಮಟ್ಟ. ದಡದಿಂದ ಪೊಂಟೂನ್‌ಗೆ ಒಂದು ಇಳಿಜಾರಿನ ದಾರಿ. ವೀಲ್‌ಚೇರ್ ಸೀದಾ ಒಳಗೆ ಹೋಗುತ್ತದೆ. ಗೇಟಿನಲ್ಲಿ ಎಷ್ಟು ಜನ ಒಳಗೆ ಹೋದರು ಎಂದು ಲೆಕ್ಕ ಆಗುತ್ತದೆ, ಮಿತಿ ಮೀರಿದರೆ ಮುಂದಿನ ಬೋಟಿಗೆ ಕಾಯಬೇಕು. ಮಂಗಳೂರಿನಲ್ಲಿ ಭರತ ಇಳಿತದ ಅಂತರ ಕೊಚ್ಚಿಗಿಂತ ಹೆಚ್ಚು. ಆದ್ದರಿಂದ ಪೊಂಟೂನ್ ನಮಗೆ ಅವರಿಗಿಂತ ಹೆಚ್ಚು ಅಗತ್ಯ, ಇಳಿಜಾರಿನ ದಾರಿಯೂ ಇಲ್ಲಿ ಇನ್ನಷ್ಟು ಉದ್ದ ಬೇಕಾಗಬಹುದು.

ಹಾಗೆಂದು ಕೊಚ್ಚಿಯಲ್ಲಿ ಎಲ್ಲವೂ ಸಲೀಸಾಗಿ ಆಗಲಿಲ್ಲ. ಮೊದಲು ಶುರುವಾದದ್ದು ಹೈಕೋರ್ಟ್–ವೈಪಿನ್ ಮತ್ತು ವೈಟ್ಟಿಲ–ಕಾಕ್ಕನಾಡ್ ದಾರಿಗಳು. ಹಳೆಯ ಮಸಾಲೆ ವ್ಯಾಪಾರದ ಕೇರಿಯಾದ, ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿರುವ ಮಟ್ಟಾಂಚೇರಿಯ ಟರ್ಮಿನಲ್ ತೆರೆಯಲು 2025ರ ಅಕ್ಟೋಬರ್ ತನಕ ಕಾಯಬೇಕಾಯಿತು. ನಮ್ಮ ಬಂದರಿನ ಹಾಗೆಯೇ ಅದೂ ಹಳೆ ಗೋದಾಮು, ಇಕ್ಕಟ್ಟಿನ ರಸ್ತೆಗಳ ಜಾಗ. ಹಳೆ ಕೇರಿಗಳ ಸರದಿ ಕೊನೆಗೆ ಬರುವುದು ಇಲ್ಲಿಯೂ ಆಗಬಾರದು.

ದರದ ಪ್ರಶ್ನೆಯೂ ಇದೆ. ಕೊಚ್ಚಿ ವಾಟರ್ ಮೆಟ್ರೋ ಶುರುವಾದಾಗ ಕನಿಷ್ಠ ದರ 20 ರೂಪಾಯಿ. ಆಫೀಸಿಗೆ ಹೋಗುವವರಿಗೆ, ಪ್ರವಾಸಿಗಳಿಗೆ ಅದು ಏನೂ ಅಲ್ಲ. ಆದರೆ ದಿನಾ ಎರಡು ಸಲ ಹೊಳೆ ದಾಟುವ ಮನೆಯಲ್ಲಿ ನಾಲ್ಕು ಜನ ಇದ್ದರೆ ದಿನಕ್ಕೆ 160 ರೂಪಾಯಿ, ತಿಂಗಳಿಗೆ 25 ದಿನ ಹಿಡಿದರೆ 4,000. ಕೇರಳದಲ್ಲಿ ರಾಜ್ಯ ಜಲಸಾರಿಗೆ ಇಲಾಖೆಯ ಅಗ್ಗದ ಬೋಟುಗಳೂ ಜೊತೆಗೆ ಓಡುತ್ತವೆ, ಬಡವರಿಗೆ ಅದೊಂದು ಆಸರೆ. ನಮ್ಮಲ್ಲಿ ಅಂಥ ಆಸರೆ ಇಲ್ಲ. ಇರುವುದು ಊರಿನವರ ಫೆರಿ ಮಾತ್ರ. ವಾಟರ್ ಮೆಟ್ರೋ ಬಂತೆಂದು ಅದನ್ನು ನಿಲ್ಲಿಸಿದರೆ ಜನರಿಗೆ ಹೊರೆ, ಬೋಟಿನವರಿಗೆ ಕೆಲಸ ಇಲ್ಲ.

ದೊಡ್ಡ ಯೋಜನೆ ಬರುವ ತನಕ ಕಾಯಬೇಕೆಂದೂ ಇಲ್ಲ. 2017ರ ಜನವರಿಯಲ್ಲಿ ಅದೇ ಕೇರಳದ ಇಲಾಖೆ ವೈಕಂ–ತವಣಕಡವು ನಡುವೆ ‘ಆದಿತ್ಯ’ ಎಂಬ ಸೌರಶಕ್ತಿಯ ಫೆರಿ ಶುರು ಮಾಡಿತು. 75 ಜನರ ಬೋಟು, ದೇಶದ ಮೊದಲ ಸೌರ ಫೆರಿ. ಬೆಂಗ್ರೆ–ದಕ್ಕೆಯಂಥ ಸಣ್ಣ ದಾಟಿಗೆ ಇಂಥ ಒಂದು ಬೋಟು, ಎರಡೂ ದಡದಲ್ಲಿ ಒಂದೊಂದು ಪೊಂಟೂನ್ ಮೊದಲು ಬಂದರೂ ಸಾಕು.

ಜೀವದ ಪ್ರಶ್ನೆ

ಟರ್ಮಿನಲ್ ಚೆನ್ನಾಗಿರಬೇಕು ಎನ್ನುವುದು ಸೌಕರ್ಯದ ಮಾತು ಮಾತ್ರ ಅಲ್ಲ. 2015ರ ಆಗಸ್ಟ್ 26ರಂದು ಫೋರ್ಟ್ ಕೊಚ್ಚಿಯ ಜೆಟ್ಟಿಯ ಹತ್ತಿರವೇ ಪ್ರಯಾಣಿಕರ ಬೋಟಿಗೆ ಮೀನುಗಾರಿಕೆ ಬೋಟು ಡಿಕ್ಕಿ ಹೊಡೆದು 11 ಜನ ಸತ್ತರು. ದಡ ಕಾಣುವ ಜಾಗದಲ್ಲಿ! ಡೀಸೆಲ್ ಹಾಕಿಸುವ ಮೀನು ಬೋಟುಗಳೂ ಪ್ರಯಾಣಿಕರ ಬೋಟುಗಳೂ ಅಲ್ಲಿ ಒಂದೇ ಜಾಗದಲ್ಲಿ ಸುತ್ತಾಡುತ್ತಿದ್ದವು. ನಮ್ಮ ದಕ್ಕೆಯಲ್ಲಿ ಇರುವುದೂ ಅದೇ ಪರಿಸ್ಥಿತಿ ಅಲ್ಲವೇ?

2023ರ ಮೇ 7ರ ರಾತ್ರಿಯನ್ನು ಮಲಬಾರಿನ ಜನ ಮರೆಯಲಾರರು. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಜನ ಮೃತಪಟ್ಟರು. ಒಂದೇ ಕುಟುಂಬದ 11 ಮಯ್ಯಿತ್‌ಗಳು ಒಟ್ಟಿಗೆ ಎದ್ದವು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಹೆಂಗಸರು. ಮೀನುಗಾರಿಕೆಯ ಬೋಟನ್ನು ಮಾರ್ಪಡಿಸಿ ಪ್ರವಾಸಿ ಬೋಟು ಮಾಡಲಾಗಿತ್ತು, ಜನ ಮಿತಿಗಿಂತ ಹೆಚ್ಚಿದ್ದರು, ಹೊತ್ತು ಮುಳುಗಿದ ಮೇಲೆ ಬೋಟು ಹೊರಟಿತ್ತು. ಒಂದು ಗೇಟು, ಒಂದು ಲೆಕ್ಕ, ‘ಇನ್ನು ಸಾಕು’ ಎಂದು ಹೇಳುವ ಅಧಿಕಾರ ಇರುವ ಒಬ್ಬ ಮನುಷ್ಯ ದಡದಲ್ಲಿ ಇದ್ದಿದ್ದರೆ ಆ ಬೋಟು ಹೊರಡುತ್ತಿರಲಿಲ್ಲ.

2021ರಲ್ಲಿ ಬಂದ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಬೋಟಿನ ನೋಂದಣಿ, ತಪಾಸಣೆ, ನಡೆಸುವವರಿಗೆ ಅರ್ಹತಾ ಪತ್ರ, ಜೀವರಕ್ಷಕ ಸಾಮಾನು ಎಲ್ಲವೂ ಬೇಕು. ಕಾಯ್ದೆ ಪುಸ್ತಕದಲ್ಲಿ ಇದ್ದರೆ ಸಾಲದು. ಹಬ್ಬದ ದಿನ, ಉರೂಸಿನ ದಿನ, ಶಾಲೆ ಬಿಟ್ಟ ಹೊತ್ತು ಜನ ನುಗ್ಗುವಾಗ ಅದು ದಡದಲ್ಲಿ ಕಾಣಬೇಕು. ನಾವೂ ಅಷ್ಟೆ. ‘ಐದು ನಿಮಿಷದ ದಾಟು, ಎಂತ ಆಗ್ತದೆ’ ಎಂದು ಲೈಫ್ ಜಾಕೆಟ್ ಬದಿಗಿಡುವ ಅಭ್ಯಾಸ ಬಿಡಬೇಕು. ಫೋರ್ಟ್ ಕೊಚ್ಚಿಯದೂ ಕೆಲವೇ ನಿಮಿಷದ ದಾಟೇ ಆಗಿತ್ತು.

ನಾವು ಕೇಳಬೇಕಾದದ್ದು

2016ರ ರಾಷ್ಟ್ರೀಯ ಜಲಮಾರ್ಗ ಕಾನೂನಿನಲ್ಲಿ ದೇಶದ 111 ಜಲಮಾರ್ಗಗಳ ಪಟ್ಟಿಯಲ್ಲಿ ನೇತ್ರಾವತಿಯೂ ಗುರುಪುರ ಹೊಳೆಯೂ ಸೇರಿವೆ. ಹೊಳೆಯಲ್ಲಿ ಏನಾದರೊಂದು ಬಂದೇ ಬರುತ್ತದೆ. ವಿಸ್ತೃತ ಯೋಜನಾ ವರದಿ ತಯಾರಾಗುವ ಹೊತ್ತೇ ಮಾತಾಡುವ ಹೊತ್ತು. ಪಾಯ ಹಾಕಿದ ಮೇಲೆ ಮಾತಾಡಿದರೆ ಕೇಳುವವರಿಲ್ಲ. ನಮ್ಮ ಜಮಾಅತ್‌ಗಳು, ಸಂಘಟನೆಗಳು, ಕಾರ್ಪೊರೇಟರ್‌ಗಳು ಕರ್ನಾಟಕ ಜಲಸಾರಿಗೆ ಮಂಡಳಿಯ ಮುಂದೆ ಬರಹದಲ್ಲಿ ಇಡಬೇಕಾದ ಬೇಡಿಕೆಗಳು ಇವು:

ನಿಲ್ದಾಣಗಳ ಜಾಗವನ್ನು ಪ್ರವಾಸಿಗಳ ಕಣ್ಣಿನಿಂದ ಅಲ್ಲ, ದಿನಾ ದಾಟುವವರ ಲೆಕ್ಕದಿಂದ ನಿರ್ಧರಿಸಲಿ. ಸುಲ್ತಾನ್ ಬತ್ತೇರಿ–ತಣ್ಣೀರುಬಾವಿಯಲ್ಲಿ ಬೀಚಿಗೆ ಹೋಗುವವರು ಭಾನುವಾರ ಬರುತ್ತಾರೆ, ಬೆಂಗ್ರೆಯವರು ವರ್ಷಪೂರ್ತಿ ಬರುತ್ತಾರೆ.

ಪ್ರತೀ ನಿಲ್ದಾಣದಲ್ಲಿ ತೇಲುವ ಪೊಂಟೂನ್ ಕಡ್ಡಾಯವಾಗಲಿ. ಮೀನು ಬೋಟಿನ ದಾರಿ ಬೇರೆ, ಪ್ರಯಾಣಿಕರ ದಾರಿ ಬೇರೆ ಎಂದು ನೀರಿನಲ್ಲಿ ಬೋಯಾ ಹಾಕಿ ಗುರುತಿಸಲಿ.

ವಿದ್ಯಾರ್ಥಿಗಳಿಗೆ, ದಿನಾ ದಾಟುವವರಿಗೆ ಪಾಸ್ ಇರಲಿ, ಈಗಿನ ಫೆರಿ ದರಕ್ಕೆ ಹತ್ತಿರವಾದ ದರ ಇರಲಿ. ಈಗ ಫೆರಿ ನಡೆಸುತ್ತಿರುವವರಿಗೆ, ಅಲ್ಲಿ ದುಡಿಯುವ ಹುಡುಗರಿಗೆ ತರಬೇತಿ ಕೊಟ್ಟು ಹೊಸ ಬೋಟುಗಳಲ್ಲಿ ಮೊದಲ ಆದ್ಯತೆ ಸಿಗಲಿ. ಈ ಹೊಳೆಯ ಸುಳಿ, ಮರಳದಿಣ್ಣೆ, ಗಾಳಿ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಲಕ್ಷದ್ವೀಪದ ಜೆಟ್ಟಿಗೆ ಹೂಳೆತ್ತುವ ವಾರ್ಷಿಕ ಹಣ ಯೋಜನೆಯಲ್ಲೇ ಸೇರಿರಲಿ. ಹಡಗಿನ ವೇಳಾಪಟ್ಟಿ ಮೊದಲೇ ಪ್ರಕಟವಾಗಲಿ. ಮಳೆಗಾಲದ ನಾಲ್ಕು ತಿಂಗಳು ಮಂಜಿಗಳು ಹೋಗದಿರುವಾಗ ಪಣಂಬೂರಿನ ನವಮಂಗಳೂರು ಬಂದರಿನಿಂದ ದ್ವೀಪದ ಹಡಗು ಓಡಿಸಲು ಆಗುತ್ತದೆಯೇ ಎಂದೂ ನೋಡಲಿ.

ಬಂದರಿನ ಕೂಲಿ ಕಾರ್ಮಿಕರು, ಸಣ್ಣ ಗೋದಾಮಿನವರು, ಒಣ ಮೀನಿನ ವ್ಯಾಪಾರಿಗಳು ಇವರ ಜಾಗಕ್ಕೆ ಕೈ ಹಾಕುವ ಮೊದಲು ಅವರಿಗೆ ಬದಲಿ ಜಾಗ ಸಿಕ್ಕಿರಲಿ, ಕಾಗದದಲ್ಲಿ ಸಿಕ್ಕಿರಲಿ.

ಒಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕು. ಇಂಥ ಸಭೆಗಳಿಗೆ ನಮ್ಮವರು ಹೋಗುವುದು ಕಡಿಮೆ. ಹೋದರೂ ಗಂಡಸರು ಮಾತ್ರ. ಮೆಟ್ಟಿಲು ಜಾರುವ ಕಷ್ಟ ಗೊತ್ತಿರುವುದು ಮಗುವನ್ನು ಎತ್ತಿಕೊಂಡು ದಾಟುವ ಹೆಂಗಸಿಗೆ. ಬೆಂಗ್ರೆಯ, ಕೋಟೆಪುರದ ಸಹೋದರಿಯರು ಸಭೆಗೆ ಬಂದು ಎರಡು ಮಾತು ಹೇಳಿದರೆ ಇಂಜಿನಿಯರಿಗೆ ಹತ್ತು ಪುಟದ ವರದಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಮೊಗವೀರ ಬಂಧುಗಳದ್ದೂ ಇದೇ ಹೊಳೆ, ಇದೇ ಕಷ್ಟ. ಎರಡೂ ಬೆಂಗ್ರೆಯವರು ಒಟ್ಟಿಗೆ ಹೋಗಿ ಒಂದೇ ಮನವಿ ಕೊಟ್ಟರೆ ಅದನ್ನು ಮೂಲೆಗೆ ಸರಿಸುವುದು ಯಾವ ಅಧಿಕಾರಿಗೂ ಸುಲಭ ಅಲ್ಲ.